ಕಟ್ಟಿಗೆ ಹೊತ್ತ ಕಾಶ್ಮೀರದ ಅರಸ ಯಾರು?

ಬಸವಕಲ್ಯಾಣ, ಹುಮನಾಬಾದ್ ಕಡೆ ಮೋಳಿಗೆಯ ಮಾರಯ್ಯನ ಕತೆ ಎಲ್ಲರಿಗೂ ಗೊತ್ತು. ಕಾಶ್ಮೀರದ ದೊರೆ ಮಹಾದೇವ ಭೂಪಾಲ ಬಸವಣ್ಣನ ಕೀರ್ತಿ ಕೇಳಿ, ರಾಜ್ಯ ಬಿಟ್ಟು, ರಾಣಿಯೊಡನೆ ಕಲ್ಯಾಣಕ್ಕೆ ಬಂದ; ಕಾಡಿನಿಂದ ಕಟ್ಟಿಗೆ ಹೊರೆ ತಂದು ಮಾರಿ, ಬಂದದ್ದರಲ್ಲಿ ಜಂಗಮರಿಗೆ ಅಂಬಲಿ ಉಣಿಸುತ್ತ ಮಾರಯ್ಯನಾದ. ಮೊಳಕೇರಾದಲ್ಲಿ ಅವನ ಹೆಸರಿನ ಗವಿಯೂ ಇದೆ. ಮಾರಯ್ಯ ಇದ್ದದ್ದು ದಿಟ. ನಿಃಕಳಂಕ ಮಲ್ಲಿಕಾರ್ಜುನ ಅಂಕಿತದ ನೂರಾರು ವಚನಗಳು ಉಳಿದಿವೆ. ಅನುಮಾನವಿರುವುದು ಮಹಾದೇವ ಭೂಪಾಲನ ಮೇಲೆ.

ಕಾಶ್ಮೀರದವರು ತಮ್ಮ ಅರಸರ ಲೆಕ್ಕವನ್ನು ಚೆನ್ನಾಗಿಯೇ ಇಟ್ಟಿದ್ದಾರೆ. ಕಲ್ಹಣ 'ರಾಜತರಂಗಿಣಿ' ಬರೆದದ್ದು 1148-49ರ ಹೊತ್ತಿಗೆ. ಆಗ ಗದ್ದುಗೆಯಲ್ಲಿದ್ದವನು ಜಯಸಿಂಹ, ಅವನ ನಂತರ ಮಗ ಪರಮಾಣುಕ. ಮುಂದಿನ ಕತೆಯನ್ನು ಜೋನರಾಜ ಹೇಳಿದ. ಬಸವಣ್ಣನ ಕಾಲಕ್ಕೆ ಸರಿಹೊಂದುವ ಮಹಾದೇವನೊಬ್ಬ ಈ ಸಾಲಿನಲ್ಲಿಲ್ಲ. ಯಾವುದೋ ಸಣ್ಣ ಸಂಸ್ಥಾನದವನು, ಲೆಕ್ಕದಿಂದ ಬಿಟ್ಟುಹೋಗಿರಬೇಕು ಎನ್ನುವವರಿದ್ದಾರೆ. ಇರಬಹುದು, ಆದರೆ ಆಗ ಕತೆಯ ಅರ್ಧ ಠೀವಿಯೇ ಹೋಯಿತು. ಇಷ್ಟಾಗಿಯೂ ಸಾವಿರ ಮೈಲಿ ಆಚೆಯ ಕಾಶ್ಮೀರವೇ ಏಕೆ ಬೇಕಾಯಿತು? ಇಲ್ಲಿ ಸ್ವಲ್ಪ ಊಹೆಗೆ ಜಾಗವಿದೆ. ಶರಣರಿಗಿಂತ ಎರಡು ತಲೆಮಾರು ಮುಂಚೆ ಕಾಶ್ಮೀರದ ಕವಿ ಬಿಲ್ಹಣ ಊರೂರು ಅಲೆದು ಕಲ್ಯಾಣ ಸೇರಿ, ಆರನೆಯ ವಿಕ್ರಮಾದಿತ್ಯನ (1076-1126) ಆಸ್ಥಾನದಲ್ಲಿ ವಿದ್ಯಾಪತಿಯಾಗಿ 'ವಿಕ್ರಮಾಂಕದೇವಚರಿತ' ಬರೆದಿದ್ದ. ಕಲ್ಹಣನ ಇನ್ನೊಂದು ಸುದ್ದಿ ಇದಕ್ಕಿಂತ ರಸವತ್ತಾದದ್ದು: ಕಾಶ್ಮೀರದ ಅರಸ ಹರ್ಷ (1089-1101) ಕರ್ಣಾಟದೊಡೆಯನಾದ ಇದೇ ವಿಕ್ರಮಾದಿತ್ಯನ ರಾಣಿ ಚಂದಲೆಯ ಚಿತ್ರ ನೋಡಿ ಮರುಳಾದನಂತೆ, ಕರ್ಣಾಟದ ಮಾದರಿಯ ನಾಣ್ಯವನ್ನೂ ಹೊರಡಿಸಿದನಂತೆ. ಅಂದರೆ ಕಲ್ಯಾಣಕ್ಕಾಗಿ ಹಂಬಲಿಸಿದ ಕಾಶ್ಮೀರದ ಅರಸನೊಬ್ಬ ಇದ್ದೇ ಇದ್ದ, ಬರಲಿಲ್ಲ ಅಷ್ಟೆ! ಬಂದ ಕವಿ, ಬಾರದ ಅರಸ ಇಬ್ಬರೂ ಜನರ ನೆನಪಿನಲ್ಲಿ ಒಂದಾಗಿ ಮಹಾದೇವ ಭೂಪಾಲನಾದರು ಎಂಬುದು ನನ್ನ ಗುಮಾನಿ. ಪುರಾವೆ ಕೇಳಬೇಡಿ.

ಅರಸೊತ್ತಿಗೆ ತೆಗೆದರೆ ಮಾರಯ್ಯನ ತ್ಯಾಗ ಸಣ್ಣದಾಗುವುದಿಲ್ಲವೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದೇ ಕತೆಯ ಇನ್ನೊಂದು ಭಾಗ ನೋಡಿ. ಅಂಬಲಿ ಕುಡಿಯಲು ಬಂದ ಬಸವಣ್ಣ ಮನೆಯಲ್ಲಿ ಹೊನ್ನಿನ ಗಂಟು ಬಚ್ಚಿಟ್ಟು ಹೋದಾಗ ಮಾರಯ್ಯ ಅದನ್ನು ತನಗಿಟ್ಟುಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟ. ಹೊನ್ನು ಕಂಡು ಬೇಸತ್ತ ದೊರೆ ಹೀಗೆ ಮಾಡಿದರೆ ಹೆಚ್ಚೇನಲ್ಲ; ದಿನದ ಹೊರೆ ಮಾರಿ ಹೊಟ್ಟೆ ಹೊರೆಯುವವನು ಮಾಡಿದರೆ ದೊಡ್ಡದು. ಕಾಯಕವನ್ನೇ ಕೈಲಾಸವೆಂದವರ ನಡುವೆ ಕಟ್ಟಿಗೆ ಮಾರುವವನಿಗೆ ಕಿರೀಟದ ಶಿಫಾರಸು ಬೇಕಾಗಿರಲಿಲ್ಲ, ಬೇಕಾದದ್ದು ಆಮೇಲೆ ಪುರಾಣ ಕಟ್ಟಿದವರಿಗೆ. ಬೇರೆ ಆಧಾರ ಸಿಗುವ ತನಕ ನನ್ನ ಮಟ್ಟಿಗೆ ಮಾರಯ್ಯ ಕಲ್ಯಾಣದ ಕಟ್ಟಿಗೆಯವನೇ.