ಮಣಿಕರ್ಣಿಕೆಯಿಂದ ಮಣಿಕರ್ಣಿಕೆಗೆ: ಮಾಗಿಯ ಕೊನೆಯ ದೂರನಡೆ ಮತ್ತು ದೇಹಾರೋಗ್ಯ

ಶಿವರಾತ್ರಿ ಬಂದಿತೆಂದರೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುವುದೆಂದು ಕನ್ನಡನಾಡಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಬಯಲುಸೀಮೆಗೆ ಚೆನ್ನಾಗಿ ಒಪ್ಪುವ ಈ ಮಾತು ಗಂಗಾತೀರದ ಕಾಶಿಯಲ್ಲಿ ಎಲ್ಲ ವರ್ಷವೂ ನಿಜವಾಗುವುದಿಲ್ಲ. ಅಲ್ಲಿ ಚಳಿ ಹೋಗುವಂತೆ ತೋರಿ ಮರಳಿ ಬರುವುದುಂಟು. ಬಿಸಿಲೇರಿದ ಮಧ್ಯಾಹ್ನದ ಮರುದಿನವೇ ಮೋಡ ಕವಿದು ತುಂತುರು ಮಳೆ ಬೀಳುವುದೂ ಉಂಟು. ಇಂತಹ ಸಂದಿಗ್ಧ ಋತುವಿನಲ್ಲಿಯೇ, ಮಹಾಶಿವರಾತ್ರಿಯ ಸಂದರ್ಭದಲ್ಲಿ, ಮಣಿಕರ್ಣಿಕಾ ಘಾಟಿನಿಂದ ಅಸಂಖ್ಯ ಜನ ಬರಿಗಾಲಿನಲ್ಲಿ ಪಂಚಕ್ರೋಶಿ ಯಾತ್ರೆಗೆ ಹೊರಡುತ್ತಾರೆ.

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂದು ‘ಅರೆ ಮ್ಯಾರಥಾನ್’ ಎಂಬ ಶಬ್ದ ಹೊಸದಲ್ಲ. 21 ಕಿಲೋಮೀಟರು 97.5 ಮೀಟರು ದೂರದ ಈ ಓಟದಲ್ಲಿ ವೃತ್ತಿಪರ ಕ್ರೀಡಾಪಟುಗಳಿಗಿಂತ ಹೆಚ್ಚಾಗಿ ಬ್ಯಾಂಕು, ಕಚೇರಿ, ಕಾರ್ಖಾನೆಗಳ ನೌಕರರೇ ಭಾಗವಹಿಸುತ್ತಾರೆ. ಆದರೆ ಈ ಹೆಸರು ಹುಟ್ಟುವುದಕ್ಕೆ ಬಹಳ ಹಿಂದೆಯೇ ಸಾಮಾನ್ಯ ಗೃಹಸ್ಥರು ಇಷ್ಟೇ ದೂರವನ್ನು ಒಂದೇ ದಿನದಲ್ಲಿ ಕ್ರಮಿಸುವ ಪದ್ಧತಿ ಕಾಶಿಯಲ್ಲಿ ಬೆಳೆದಿತ್ತು. ಆ ಪದ್ಧತಿಯಲ್ಲಿ ಅಡಗಿರುವ ಆರೋಗ್ಯವಿವೇಕವನ್ನು ಓಟಗಾರರೂ ಯಾತ್ರಿಕರೂ ಸಮಾನವಾಗಿ ಅರಿಯತಕ್ಕದ್ದು.

ಇಪ್ಪತ್ತೈದು ಕ್ರೋಶಗಳ ಪ್ರದಕ್ಷಿಣೆ

ಶಿವನ ಕರ್ಣಾಭರಣವು ಬಿದ್ದ ಸ್ಥಳವಾದುದರಿಂದ ಮಣಿಕರ್ಣಿಕೆ ಎಂಬ ಹೆಸರು ಬಂದಿತೆಂದು ಪುರಾಣದ ಕಥೆ. ಹಗಲಿರುಳೂ ಚಿತೆಗಳು ಉರಿಯುವ ಈ ಘಾಟೇ ಯಾತ್ರೆಯ ಮೊದಲೂ ಕೊನೆಯೂ ಆಗಿದೆ. ಯಾತ್ರಿಕರು ಜ್ಞಾನವಾಪಿಯಲ್ಲಿ ಸಂಕಲ್ಪ ಮಾಡಿ, ಮಣಿಕರ್ಣಿಕೆಯಲ್ಲಿ ಮಿಂದು, ದಕ್ಷಿಣಕ್ಕೆ ಅಸಿ ಘಾಟಿನತ್ತ ಸಾಗುತ್ತಾರೆ. ಅಲ್ಲಿಂದ ಕರ್ದಮೇಶ್ವರ, ಭೀಮಚಂಡಿ, ವರುಣಾ ನದಿಯ ದಡದ ರಾಮೇಶ್ವರ, ಶಿವಪುರ, ಕಪಿಲಧಾರಾ ಎಂಬ ಐದು ತಂಗುದಾಣಗಳನ್ನು ಹಾದು, ಆದಿಕೇಶವನ ಸನ್ನಿಧಿಯ ಮೂಲಕ ನದಿಯ ದಂಡೆಯಲ್ಲೇ ನಡೆದು ಮಣಿಕರ್ಣಿಕೆಗೆ ಮರಳುತ್ತಾರೆ. ಒಟ್ಟು ದೂರ ಇಪ್ಪತ್ತೈದು ಕ್ರೋಶ, ಅಂದರೆ 80 ಕಿಲೋಮೀಟರಿಗೆ ಕಡಿಮೆಯಿಲ್ಲ.

ಪರಂಪರೆಯ ಲೆಕ್ಕದಂತೆ ಈ ದೂರದ ಹಂಚಿಕೆ ಹೀಗಿದೆ: ಕರ್ದಮೇಶ್ವರಕ್ಕೆ ಮೂರು ಕ್ರೋಶ, ಅಲ್ಲಿಂದ ಭೀಮಚಂಡಿಗೆ ಐದು, ರಾಮೇಶ್ವರಕ್ಕೆ ಏಳು, ಶಿವಪುರಕ್ಕೆ ನಾಲ್ಕು, ಕಪಿಲಧಾರೆಗೆ ಮೂರು, ಮಣಿಕರ್ಣಿಕೆಗೆ ಮತ್ತೆ ಮೂರು. ಈ ಅಂಕಿಗಳನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಮೊದಲ ನಡೆ ಚಿಕ್ಕದು. ಮೈ ಪಳಗಿದಂತೆ ದೂರ ಹೆಚ್ಚುತ್ತದೆ. ನಟ್ಟನಡುವಿನ ಏಳು ಕ್ರೋಶದ ನಡೆ ಇಂದಿನ ಅರೆ ಮ್ಯಾರಥಾನಿಗಿಂತ ತುಸು ಹೆಚ್ಚೇ ಆಗುತ್ತದೆ. ಆಮೇಲೆ ದಣಿದ ಕಾಲುಗಳಿಗೆ ದೂರ ಇಳಿಯುತ್ತ ಬರುತ್ತದೆ. ಪ್ರತಿ ನಡೆಯ ಕೊನೆಗೂ ಧರ್ಮಶಾಲೆ, ಕುಂಡದ ನೀರು, ಅಡಿಗೆ, ನಿದ್ರೆ. ಇಂದಿನ ತರಬೇತುದಾರರು ಕಾಗದದ ಮೇಲೆ ಬರೆದುಕೊಡುವ ಅಭ್ಯಾಸಕ್ರಮವೂ ಇದೇ ತತ್ತ್ವದ್ದು: ಮೆಲ್ಲನೆ ಏರಿಸು, ಒಮ್ಮೆ ಶಿಖರ ಮುಟ್ಟು, ಬಳಿಕ ಇಳಿಸು, ನಡುನಡುವೆ ವಿಶ್ರಮಿಸು.

ಆದರೆ ಶಿವರಾತ್ರಿಯ ಸಂದರ್ಭದಲ್ಲಿ ಅನೇಕರು ಐದು ದಿನಗಳ ಈ ದಾರಿಯನ್ನು ಒಂದೇ ಅಹೋರಾತ್ರಿಯಲ್ಲಿ ಮುಗಿಸುವ ಸಾಹಸಕ್ಕೆ ಕೈಹಾಕುತ್ತಾರೆ. ಉಪವಾಸ, ಜಾಗರಣೆ, ಬರಿಗಾಲು ಈ ಮೂರೂ ಜೊತೆಗೂಡುತ್ತವೆ. ಅಭ್ಯಾಸವುಳ್ಳ ತರುಣರಿಗೆ ಇದು ಸಾಧ್ಯವಾದೀತು. ವರ್ಷವೆಲ್ಲ ಕುರ್ಚಿಯಲ್ಲಿ ಕುಳಿತು ದುಡಿಯುವ ಐವತ್ತರ ಪ್ರಾಯದ ಗೃಹಸ್ಥನಿಗೆ ಇದು ಪ್ರಾಣಸಂಕಟವಾಗಬಹುದು.

ಕೈಕೊಡುವ ಹವೆ

ದಕ್ಷಿಣದವರು ಮಾಘ ಬಹುಳ ಚತುರ್ದಶಿಯೆಂದೂ ಕಾಶಿಯವರು ಫಾಲ್ಗುಣ ಕೃಷ್ಣ ಚತುರ್ದಶಿಯೆಂದೂ ಕರೆಯುವುದು ಒಂದೇ ದಿನವನ್ನು. ಚಾಂದ್ರಮಾನದ ಈ ತಿಥಿ ಪ್ರತಿವರ್ಷ ಸರಿದಾಡುತ್ತದೆ. 2018ರಲ್ಲಿ ಶಿವರಾತ್ರಿ ಫೆಬ್ರವರಿ 13ರಂದು ಬಂದಿತು. 2021ರಲ್ಲಿ ಮಾರ್ಚ್ 11ರಂದು. 2025ರಲ್ಲಿ ಫೆಬ್ರವರಿ 26ರಂದು. ಗಂಗಾ ಬಯಲಿನಲ್ಲಿ ಈ ಒಂದು ತಿಂಗಳ ಅಂತರವೆಂದರೆ ಎರಡು ಬೇರೆ ಋತುಗಳೇ ಸರಿ. ಫೆಬ್ರವರಿಯ ನಡುವಿನಲ್ಲಿ ರಾತ್ರಿಯ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಷಿಯಸಿನ ಆಸುಪಾಸಿನಲ್ಲಿರುತ್ತದೆ. ಮಾರ್ಚಿನಲ್ಲಿ ಹಗಲು 30 ಡಿಗ್ರಿ ದಾಟುವುದು ಸಾಮಾನ್ಯ. ಒಂದು ವರ್ಷದ ಅನುಭವವನ್ನು ನೆಚ್ಚಿ ಮರುವರ್ಷ ಹೊರಟವನು ಮೋಸಹೋಗುವುದು ಸಹಜ.

ಇದಕ್ಕೆ ಪಶ್ಚಿಮದಿಂದ ಬರುವ ವಾಯುಕ್ಷೋಭೆಗಳು ಸೇರುತ್ತವೆ. ಭೂಮಧ್ಯ ಸಮುದ್ರದ ಕಡೆಯಿಂದ ಹೊರಟು ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಬರುವ ಇವು ಉತ್ತರ ಭಾರತಕ್ಕೆ ಚಳಿಗಾಲದ ಮಳೆಯನ್ನು ತರುತ್ತವೆ. ಮೋಡ ಕವಿದಾಗ ರಾತ್ರಿ ಬೆಚ್ಚಗಾಗುತ್ತದೆ. ಕ್ಷೋಭೆ ದಾಟಿದೊಡನೆ ವಾಯವ್ಯದ ಒಣಗಾಳಿ ಬೀಸಿ ಚಳಿ ಮರಳುತ್ತದೆ. ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಇದರ ಪರಿಚಯವಿದೆ. ಮುಂಬಯಿ, ಬೆಂಗಳೂರುಗಳಿಂದ ಹೋಗುವವರಿಗೆ ಇದು ಅನಿರೀಕ್ಷಿತ.

ದೇಹವೆಂಬ ಒಲೆ

ಸುಮ್ಮನೆ ಕುಳಿತ ಮನುಷ್ಯನ ದೇಹವು ಸುಮಾರು 100 ವಾಟಿನ ವಿದ್ಯುದ್ದೀಪದಷ್ಟು ಶಾಖವನ್ನು ಹೊರಚೆಲ್ಲುತ್ತದೆ. ರಭಸದಿಂದ ಓಡುವಾಗ ಅದು ಹತ್ತರಷ್ಟಾಗಬಹುದು. ಆದಕಾರಣವೇ ಓಟದ ಆರಂಭದಲ್ಲಿ ನಡುಗುವವನು ಎರಡು ಮೂರು ಕಿಲೋಮೀಟರು ಸಾಗುವಷ್ಟರಲ್ಲಿ ಬೆವರುತ್ತಾನೆ. ಅಪಾಯವಿರುವುದು ಆ ಬಳಿಕ. ದಣಿದು ವೇಗ ಇಳಿದಾಗ ಒಳಗಿನ ಒಲೆ ಮಂದವಾಗುತ್ತದೆ. ಆದರೆ ಬೆವರಿನಿಂದಲೋ ಮಳೆಯಿಂದಲೋ ತೊಯ್ದ ಬಟ್ಟೆ ಮೈಗೆ ಅಂಟಿಕೊಂಡೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಒಯ್ಯುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಶೀತಾಘಾತ; 40 ಡಿಗ್ರಿ ಮೀರಿ ಬುದ್ಧಿ ಭ್ರಮಿಸಿದರೆ ಉಷ್ಣಾಘಾತ. ಎರಡೂ ಪ್ರಾಣಾಂತಕ.

ಜಗತ್ತಿನ ಅನುಭವ ಇದನ್ನು ಸ್ಪಷ್ಟಪಡಿಸಿದೆ. 2018ರ ಏಪ್ರಿಲ್ 16ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ಕೊರೆಯುವ ಮಳೆ ಮತ್ತು ಎದುರುಗಾಳಿಯಲ್ಲಿ ನಡೆಯಿತು. ಹೆಸರಾಂತ ಓಟಗಾರರು ಹಲವರು ಅರ್ಧದಲ್ಲೇ ಬಿಟ್ಟು ನಿಂತರು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದ 100 ಕಿಲೋಮೀಟರಿನ ಬೆಟ್ಟದ ಓಟದಲ್ಲಿ ಮಧ್ಯಾಹ್ನದ ಹೊತ್ತಿಗೆ ಹಠಾತ್ತನೆ ಆಲಿಕಲ್ಲು, ಹಿಮಮಳೆ, ಬಿರುಗಾಳಿ ಎದ್ದು 21 ಮಂದಿ ಪ್ರಾಣ ತೆತ್ತರು. ತೆಳುವಾದ ಅಂಗಿ ಚಡ್ಡಿಗಳಲ್ಲಿ ಓಡುತ್ತಿದ್ದ ಅವರಲ್ಲಿ ನುರಿತವರೂ ಇದ್ದರು. ಒಬ್ಬ ಕುರಿಗಾಹಿ ಗುಹೆಯೊಂದರಲ್ಲಿ ಬೆಂಕಿ ಹೊತ್ತಿಸಿ ಆರು ಮಂದಿಯನ್ನು ಉಳಿಸಿದನು. ಅನುಭವವಾಗಲಿ ದೇಹಬಲವಾಗಲಿ ಒದ್ದೆ ಮತ್ತು ಗಾಳಿಗಳ ಮುಂದೆ ಸಾಲದೆಂಬುದೇ ಇದರ ಪಾಠ.

ಕಾಶಿಯ ಚಳಿ ಬೆಟ್ಟದ ಚಳಿಯಲ್ಲ, ನಿಜ. ಆದರೆ ನಸುಕಿನಲ್ಲಿ ತಣ್ಣೀರಿನ ಗಂಗೆಯಲ್ಲಿ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲೇ ನದಿಯ ಗಾಳಿಗೆ ಮೈಯೊಡ್ಡಿ ಹೊರಡುವ ವೃದ್ಧನಿಗೆ ಅಷ್ಟು ಚಳಿಯೇ ಸಾಕು. ತಣ್ಣೀರು ಸೋಕಿದೊಡನೆ ಉಸಿರು ಸಿಕ್ಕಿಕೊಂಡು, ರಕ್ತನಾಳಗಳು ಕುಗ್ಗಿ, ರಕ್ತದೊತ್ತಡ ಏರುತ್ತದೆ. ಹೃದ್ರೋಗವುಳ್ಳವರು ಮುಳುಗುವ ಬದಲು ಪ್ರೋಕ್ಷಣೆ ಮಾಡಿಕೊಂಡರೆ ಶ್ರದ್ಧೆಗೆ ಕೊರತೆಯಾಗದು. ಮಿಂದವರು ಒಣಬಟ್ಟೆಯುಟ್ಟು, ತಲೆ ಒರೆಸಿಕೊಂಡೇ ಹೆಜ್ಜೆಯಿಡಬೇಕು.

ಹೃದಯ, ನೀರು, ಉಪವಾಸ

ಓಟದಲ್ಲಿ ಹೃದಯ ನಿಲ್ಲುವ ಸುದ್ದಿ ಓದಿದೊಡನೆ ವ್ಯಾಯಾಮವನ್ನೇ ದೂರುವುದು ಸರಿಯಲ್ಲ. ಅಮೆರಿಕದಲ್ಲಿ 2000ದಿಂದ 2010ರ ಮೇ ವರೆಗಿನ ಮ್ಯಾರಥಾನ್ ಮತ್ತು ಅರೆ ಮ್ಯಾರಥಾನ್‌ಗಳ ಸುಮಾರು 1 ಕೋಟಿ 9 ಲಕ್ಷ ಓಟಗಾರರ ಲೆಕ್ಕ ತೆಗೆದಾಗ ಹೃದಯಸ್ತಂಭನಕ್ಕೆ ಒಳಗಾದವರು 59 ಮಂದಿ. ಅವರಲ್ಲಿ 42 ಮಂದಿ ತೀರಿಕೊಂಡರು. 2012ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ ಅರೆ ಮ್ಯಾರಥಾನಿನ ಅಪಾಯ ಪೂರ್ಣ ಮ್ಯಾರಥಾನಿನದಕ್ಕಿಂತ ಬಹಳ ಕಡಿಮೆ. ಅಪಾಯ ವಿರಳವೆಂಬುದು ಸಮಾಧಾನದ ಮಾತು. ಆದರೆ ಸ್ತಂಭನವಾದವರಲ್ಲಿ ಹೆಚ್ಚಿನವರು ಉಳಿಯಲಿಲ್ಲವೆಂಬುದು ಎಚ್ಚರಿಕೆಯ ಮಾತು. ನಡೆಯುವಾಗ ಎದೆ ಬಿಗಿತ, ಕಾರಣವಿಲ್ಲದ ಏದುಸಿರು, ತಲೆಸುತ್ತು ಎಂದಾದರೂ ಕಂಡವರು, ಮನೆತನದಲ್ಲಿ ಎಳೆಯ ವಯಸ್ಸಿನ ಹೃದಯಮರಣ ನಡೆದವರು, ರಕ್ತದೊತ್ತಡ ಮಧುಮೇಹಗಳುಳ್ಳವರು ವೈದ್ಯರ ಪರೀಕ್ಷೆಯಿಲ್ಲದೆ ದೂರದ ಓಟಕ್ಕೆ ಹೆಸರು ಕೊಡಬಾರದು. ಜ್ವರ ಬಂದಿದ್ದರೆ ಹಣ ಕಟ್ಟಿದ್ದರೂ ಓಡದಿರುವುದೇ ಲೇಸು. ಸೋಂಕು ಹೃದಯದ ಸ್ನಾಯುವನ್ನು ತಟ್ಟಿರಬಹುದು.

ನೀರಿನ ವಿಷಯದಲ್ಲಿಯೂ ಅತಿ ಸಲ್ಲದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆಗೆ ಒಳಪಟ್ಟ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಯ ರಕ್ತದಲ್ಲಿ ಸೋಡಿಯಂ ತಗ್ಗಿತ್ತು. ಓಟದ ಅವಧಿಯಲ್ಲಿ ಅತಿಯಾಗಿ ನೀರು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಹೆಚ್ಚು. ಬಾಯಾರಿದಷ್ಟು ಕುಡಿಯುವುದು ಸುಲಭವಾದ ನಿಯಮ. ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆಯ ಪಾನಕ ಬೆವರಿದವರಿಗೆ ಹಿತ.

ಶಿವರಾತ್ರಿಯ ನಿರಾಹಾರ ವ್ರತ ಆರೋಗ್ಯವಂತನಿಗೆ ತೊಂದರೆ ಕೊಡದು. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಸೇವಿಸುವವರು ಉಪವಾಸವಿದ್ದು ದೂರ ನಡೆದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನಲ್ಲಿ ನಡೆಯಲೇಕೂಡದು. ಅರಿವಿಗೆ ಬಾರದ ಒಂದು ಗಾಜಿನ ಚೂರು ಕಾಲನ್ನೇ ಕಳೆಯಬಲ್ಲುದು.

ಉಸಿರಾಡುವ ಗಾಳಿ

ಮಾಗಿಯಲ್ಲಿ ಉತ್ತರದ ನಗರಗಳ ಧೂಮ ನೆಲದ ಮಟ್ಟದಲ್ಲೇ ತಂಗುತ್ತದೆ. ಓಡುವವನು ಕುಳಿತವನಿಗಿಂತ ಹಲವು ಪಟ್ಟು ಗಾಳಿಯನ್ನು, ಅದೂ ಬಾಯಿಯ ಮೂಲಕ, ಒಳಗೆಳೆಯುತ್ತಾನೆ. 2017ರ ನವೆಂಬರಿನಲ್ಲಿ ದೆಹಲಿಯ ಅರೆ ಮ್ಯಾರಥಾನನ್ನು ಮುಂದೂಡಬೇಕೆಂದು ಭಾರತೀಯ ವೈದ್ಯಕೀಯ ಸಂಘವೇ ಕೇಳಿತ್ತು. ಸೂಕ್ಷ್ಮಕಣಗಳ ಪ್ರಮಾಣಕ್ಕೆ ಭಾರತದಲ್ಲಿ ಗೊತ್ತುಪಡಿಸಿರುವ ದಿನದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಆಸ್ತಮಾ ಇರುವವರು ಮಂಜು ಹೊಗೆಗಳು ಬೆರೆತ ಬೆಳಗಿನಲ್ಲಿ ಓಟ ಬಿಟ್ಟು ಮನೆಯೊಳಗೆ ಯೋಗಾಸನಗಳನ್ನು ಮಾಡುವುದು ಉತ್ತಮ.

ಪಾಲಿಸತಕ್ಕ ನಿಯಮಗಳು

ಅರೆ ಮ್ಯಾರಥಾನಿಗೆ ಕನಿಷ್ಠ ಮೂರು ತಿಂಗಳ ಸಿದ್ಧತೆ ಬೇಕು. ವಾರದಿಂದ ವಾರಕ್ಕೆ ದೂರವನ್ನು ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಏರಿಸದಿರುವುದು ವಾಡಿಕೆ. ಪಕ್ಕದವರೊಡನೆ ಮಾತನಾಡುತ್ತ ಓಡಲು ಸಾಧ್ಯವಾದರೆ ವೇಗ ಹಿತಮಿತವಾಗಿದೆ ಎಂದರ್ಥ. ಉಡುಪು ಪದರಪದರವಾಗಿರಲಿ: ಒಳಗೆ ಬೇಗ ಒಣಗುವ ಬಟ್ಟೆ, ಮೇಲೆ ಗಾಳಿ ತಡೆಯುವ ತೆಳುವಾದ ಅಂಗಿ, ತಲೆಗೆ ಟೋಪಿ, ಕೈಗವಸು. ತೊಯ್ದ ಹತ್ತಿ ಬಟ್ಟೆ ಶತ್ರು. ಗುರಿ ಮುಟ್ಟಿದೊಡನೆ ಒಣಬಟ್ಟೆ ತೊಡಬೇಕು. ಹರಟುತ್ತ ಗಾಳಿಯಲ್ಲಿ ನಿಲ್ಲಬಾರದು.

ಜೊತೆಗಾರನ ಮಾತು ತೊದಲಿದರೆ, ಹೆಜ್ಜೆ ತಡವರಿಸಿದರೆ ಅವನನ್ನು ನಿಲ್ಲಿಸಬೇಕು. ಚಳಿಗೆ ಸಿಕ್ಕವನ ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿಪಾನೀಯ ಕೊಡಬೇಕು, ಕೈಕಾಲು ತಿಕ್ಕಬಾರದು. ಬಿಸಿಲಿಗೆ ಸಿಕ್ಕವನ ಮೈಯನ್ನು ತಣ್ಣೀರಿನಿಂದ ತಡಮಾಡದೆ ತಂಪಾಗಿಸಬೇಕು. ಕುಸಿದು ಬಿದ್ದವನು ಕೂಗಿಗೆ ಓಗೊಡದೆ ಸರಿಯಾಗಿ ಉಸಿರಾಡದಿದ್ದರೆ 112ಕ್ಕೆ ಕರೆಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ಇದನ್ನು ಪ್ರತಿ ಕನ್ನಡ ಸಂಘವೂ ತನ್ನ ಸದಸ್ಯರಿಗೆ ಒಂದು ಭಾನುವಾರ ಕಲಿಸಿಕೊಡಬಹುದು.

ಮರಳಿ ಬರುವುದೂ ಯಾತ್ರೆಯೇ

ಕನ್ನಡಿಗರಿಗೆ ಕಾಶಿ ದೂರದ ಊರಾದರೂ ಪರಕೀಯವಲ್ಲ. ಅಲ್ಲಿ ಜಂಗಮವಾಡಿ ಮಠವಿದೆ. ಮದುವೆಯ ಮನೆಯಲ್ಲಿ ಕೊಡೆ ಕೋಲು ಹಿಡಿದು ಕಾಶಿಗೆ ಹೊರಡುವ ವರನನ್ನು ಭಾವಮೈದುನನು ತಡೆದು ಕರೆತರುವ ವಿನೋದ ಇಂದಿಗೂ ನಡೆಯುತ್ತದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿಗೆ ವಿಶೇಷ ಯಾತ್ರಾರೈಲು ಹೊರಟಿತು. ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವರು ಮರಳುವ ಭರವಸೆಯಿರಲಿಲ್ಲ. ಮನೆಮಂದಿ ಕಣ್ಣೀರಿನಿಂದಲೇ ಬೀಳ್ಕೊಡುತ್ತಿದ್ದರು. ಮರಳಿ ಬಂದರೆ ಗಂಗಾ ಸಮಾರಾಧನೆ ಮಾಡಿ ಊರಿಗೇ ಊಟ ಹಾಕುತ್ತಿದ್ದರು. ಮರಳಿ ಬಂದುದೇ ಒಂದು ಹಬ್ಬವಾಗಿತ್ತು.

ಪಂಚಕ್ರೋಶಿಯ ದಾರಿಯೂ ಇದನ್ನೇ ಹೇಳುತ್ತದೆ. ಮಣಿಕರ್ಣಿಕೆಯ ಚಿತೆಗಳನ್ನು ನೋಡಿ ಹೊರಟ ಯಾತ್ರಿಕನು ಎಂಬತ್ತು ಕಿಲೋಮೀಟರು ಸುತ್ತಿ ಅದೇ ಚಿತೆಗಳ ಮುಂದೆ, ತನ್ನ ಕಾಲುಗಳ ಮೇಲೆಯೇ ಬಂದು ನಿಲ್ಲುತ್ತಾನೆ. ಸಾವು ಎಲ್ಲರಿಗೂ ಬರುವುದೆಂದು ಬಲ್ಲ ಹಿರಿಯರು ಅದನ್ನು ಅವಸರದಿಂದ ಕರೆಯಬಾರದೆಂದೇ ನಡುವೆ ಐದು ತಂಗುದಾಣಗಳನ್ನು ಇಟ್ಟರೆಂದು ಭಾವಿಸಿದರೆ ತಪ್ಪಾಗದು. ಮಾಗಿಯ ಕೊನೆಯ ಬೆಳಗಿನಲ್ಲಿ ಮಹಾನಗರದ ಬೀದಿಯಲ್ಲಿ ಓಡಲು ಹೊರಡುವ ಕನ್ನಡಿಗನೂ ಆಕಾಶವನ್ನೊಮ್ಮೆ, ತನ್ನ ದೇಹವನ್ನೊಮ್ಮೆ ಕೇಳಿ ಹೆಜ್ಜೆಯಿಡಲಿ. ಇವೆರಡರಲ್ಲಿ ಒಂದು ಬೇಡವೆಂದರೂ ಅಂದಿಗೆ ಮನೆಗೆ ಮರಳುವುದರಲ್ಲಿ ಸೋಲೇನೂ ಇಲ್ಲ. ಓಟ ಮುಂದಿನ ವರ್ಷವೂ ಬರುತ್ತದೆ.