ಅಣುರಚನೆಯ ಗಣನೆಯೂ ಇನ್‌ಫ್ಲುಯೆಂಜಾ ಔಷಧವೂ

ಕಿಣ್ವವನ್ನು ಬೀಗಕ್ಕೂ ಅದರಲ್ಲಿ ಸೇರುವ ದ್ರವ್ಯವನ್ನು ಬೀಗದ ಕೈಗೂ 1894ರಲ್ಲಿ ಹೋಲಿಸಿದವರು ಜರ್ಮನಿಯ ಎಮಿಲ್ ಫಿಷರ್. ಆದರೆ ಬೀಗದ ಒಳಗನ್ನು ನೋಡಿ ಅದಕ್ಕೊಪ್ಪುವ ಕೈಯನ್ನು ರಚಿಸುವ ಕಾರ್ಯವು ನೆರವೇರಲು ಸುಮಾರು ಒಂದು ಶತಮಾನವೇ ಹಿಡಿಯಿತು. ಇನ್‌ಫ್ಲುಯೆಂಜಾ ಜ್ವರದ ಔಷಧವಾದ ಝನಾಮಿವಿರ್ ಇದಕ್ಕೆ ಒಳ್ಳೆಯ ನಿದರ್ಶನ.

ಈ ಜ್ವರದ ವೈರಸ್ಸಿನ ಮೈಮೇಲೆ ನ್ಯೂರಮಿನಿಡೇಸ್ ಎಂಬ ಕಿಣ್ವವಿರುವುದು. ಜೀವಕೋಶದಲ್ಲಿ ಹುಟ್ಟಿದ ಹೊಸ ವೈರಸ್ಸುಗಳು ಕೋಶದ ಹೊರಮೈಯ ಸಿಯಾಲಿಕ್ ಆಮ್ಲಕ್ಕೆ ಅಂಟಿಕೊಂಡು ನಿಲ್ಲುವುವು. ಆ ಆಮ್ಲವನ್ನು ಕತ್ತರಿಸಿ ಅವುಗಳನ್ನು ಬಿಡಿಸುವುದೇ ಈ ಕಿಣ್ವದ ಕೆಲಸ. 1983ರಲ್ಲಿ ಆಸ್ಟ್ರೇಲಿಯದ ಪೀಟರ್ ಕೋಲ್ಮನ್ ಮತ್ತು ಸಂಗಡಿಗರು ಕ್ಷಕಿರಣಗಳ ಮೂಲಕ ಇದರ ರಚನೆಯನ್ನು ಕಂಡು ಪ್ರಕಟಿಸಿದರು. ವೈರಸ್ಸು ತನ್ನ ಹೊರಮೈಯನ್ನು ಮೇಲಿಂದ ಮೇಲೆ ಮಾರ್ಪಡಿಸಿಕೊಳ್ಳುವುದಾದರೂ, ಕತ್ತರಿಸುವ ಕೆಲಸ ನಡೆಯುವ ಕುಳಿಯ ಒಳಮೈ ಮಾತ್ರ ಎಲ್ಲ ತಳಿಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಅದನ್ನು ಬದಲಿಸಿಕೊಂಡರೆ ಕಿಣ್ವವೇ ಕೆಡುವುದಷ್ಟೆ.

ಸಿಯಾಲಿಕ್ ಆಮ್ಲವನ್ನು ಹೋಲುವ ಡಾನಾ ಎಂಬ ದ್ರವ್ಯವು ಈ ಕುಳಿಯಲ್ಲಿ ಸೇರುವುದೆಂದು ಮೊದಲೇ ಗೊತ್ತಿದ್ದಿತು. ಆದರೆ ಅದರ ಹಿಡಿತ ಸಡಿಲ. ಅದನ್ನು ಬಿಗಿಗೊಳಿಸಲು ಮಾರ್ಕ್ ಫಾನ್ ಇಟ್ಸ್‌ಟೈನ್ ಮತ್ತು ಸಂಗಡಿಗರು, ಆಕ್ಸ್‌ಫರ್ಡಿನ ಪೀಟರ್ ಗುಡ್‌ಫರ್ಡ್ ರಚಿಸಿದ್ದ ಗ್ರಿಡ್ ಎಂಬ ಗಣನಕ್ರಮವನ್ನು ಅವಲಂಬಿಸಿದರು. ಇದರಲ್ಲಿ ಕುಳಿಯೊಳಗೆ ಬಲೆಯ ಗಂಟುಗಳಂತೆ ಸಮದೂರದಲ್ಲಿ ಬಿಂದುಗಳನ್ನು ಕಲ್ಪಿಸಿ, ಒಂದೊಂದು ಬಿಂದುವಿನಲ್ಲಿಯೂ ನೀರಿನ ಅಣು, ಅಮೈನ್, ಕಾರ್ಬಾಕ್ಸಿಲ್ ಮೊದಲಾದವುಗಳಲ್ಲೊಂದನ್ನು ಇರಿಸಿದಂತೆ ಭಾವಿಸಿ, ಸುತ್ತಣ ಪರಮಾಣುಗಳೊಡನೆ ಅದಕ್ಕುಂಟಾಗುವ ಆಕರ್ಷಣ ವಿಕರ್ಷಣಗಳ ಶಕ್ತಿಯನ್ನು ಗಣಕಯಂತ್ರದಿಂದ ಲೆಕ್ಕಮಾಡುವರು. ಶಕ್ತಿ ಅತ್ಯಂತ ಕಡಮೆಯಾದ ಎಡೆಯೇ ಆ ಗುಂಪಿಗೆ ತಕ್ಕ ನೆಲೆ. ಡಾನಾದ ನಾಲ್ಕನೆಯ ಇಂಗಾಲದ ಮೇಲಣ ಹೈಡ್ರಾಕ್ಸಿಲನ್ನು ತೆಗೆದು ಧನವಿದ್ಯುತ್ತುಳ್ಳ ಅಮೈನನ್ನಿಟ್ಟರೆ, ಸಮೀಪದಲ್ಲಿರುವ ಋಣವಿದ್ಯುತ್ತಿನ ಗ್ಲುಟಾಮಿಕ್ ಆಮ್ಲವು ಅದನ್ನು ಸೆಳೆಯುವುದೆಂದು ಲೆಕ್ಕವು ತೋರಿಸಿತು. ಅಮೈನಿಗಿಂತ ದೊಡ್ಡದಾದ ಗ್ವಾನಿಡಿನ್ ಗುಂಪಿಗೂ ಅಲ್ಲಿ ತೆರಪಿದ್ದಿತು. ಅದನ್ನಿಟ್ಟು ಪ್ರಯೋಗಶಾಲೆಯಲ್ಲಿ ತಯಾರಿಸಿ ನೋಡಿದಾಗ ಹಿಡಿತವು ಸಾವಿರಾರು ಪಟ್ಟು ಬಿಗಿಯಾಯಿತು. ಈ ವೃತ್ತಾಂತವು 1993ರಲ್ಲಿ ಪ್ರಕಟವಾಯಿತು. ಹೀಗೆ ದೊರೆತ ದ್ರವ್ಯವೇ ಝನಾಮಿವಿರ್.

ಆದರೆ ಲೆಕ್ಕವು ಕುಳಿಯದೇ ಹೊರತು ದೇಹದ್ದಲ್ಲ. ಹಿಡಿತವನ್ನು ಬಿಗಿಗೊಳಿಸಿದ ವಿದ್ಯುದಂಶವೇ ಈ ಔಷಧವು ಕರುಳಿನ ಗೋಡೆಯನ್ನು ದಾಟುವುದಕ್ಕೆ ಅಡ್ಡಿಯಾಯಿತು. ನುಂಗಿದರೆ ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಆದಕಾರಣ 1999ರಲ್ಲಿ ಬಳಕೆಗೆ ಬಂದಾಗ ಅದನ್ನು ಪುಡಿಯಾಗಿ ಉಸಿರಿನೊಡನೆ ಒಳಕ್ಕೆಳೆದುಕೊಳ್ಳಬೇಕಾಯಿತು. ಅದೇ ವರ್ಷ ಬಂದ ಒಸೆಲ್ಟಾಮಿವಿರ್ ನುಂಗುವ ಔಷಧವಾದುದರಿಂದ ಹೆಚ್ಚು ಪ್ರಚಾರ ಪಡೆಯಿತು. ಇದಾದರೋ ನೆಲೆಗೊಳ್ಳಬೇಕಾದರೆ ಕುಳಿಯ ಗೋಡೆಯ ಮತ್ತೊಂದು ಗ್ಲುಟಾಮಿಕ್ ಆಮ್ಲವು ಪಕ್ಕಕ್ಕೆ ತಿರುಗಿ ಎಡೆಗೊಡಬೇಕು. 2007-08ರಲ್ಲಿ ಹರಡಿದ ಎಚ್1ಎನ್1 ತಳಿಯೊಂದರಲ್ಲಿ ಆ ತಿರುಗುವಿಕೆಗೆ ಅಡ್ಡಿಯಾಗುವ ಮಾರ್ಪಾಟು ಕಂಡುಬಂದು, ಒಸೆಲ್ಟಾಮಿವಿರ್ ಅದರ ಮುಂದೆ ಸೋತಿತು. ಝನಾಮಿವಿರ್‌ಗೆ ಆ ತಿರುವು ಬೇಕಿಲ್ಲ. ಆ ತಳಿಯ ಮೇಲೆಯೂ ಅದು ಮುಂಚಿನಂತೆಯೇ ನಾಟಿತು.