ನಿತ್ಯದ ಹೊರೆಯೇ ಪರೀಕ್ಷೆಯಲ್ಲ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ, ಗೇಟು ಹೊಳೆಯ ಪಾಲಾಯಿತು. ಸುಮಾರು ಏಳು ದಶಕ ಹೊರೆ ಹೊತ್ತದ್ದು ಒಂದು ರಾತ್ರಿ ಕೈಕೊಟ್ಟದ್ದೇಕೆ? ‘ಇಷ್ಟು ವರ್ಷ ತಡೆದಿದೆ’ ಎಂಬ ಮಾತಿನಿಂದ ತಿಳಿಯುವುದು ಇಷ್ಟೇ: ನಿನ್ನೆಯ ಹೊರೆಗಿಂತ ಅದರ ಬಲ ಹೆಚ್ಚಿತ್ತು. ಎಷ್ಟು ಹೆಚ್ಚಿತ್ತು, ಅದರಲ್ಲಿ ಎಷ್ಟು ಸವೆದಿದೆ ಎಂಬುದನ್ನು ಬಳಕೆ ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಬಳಕೆಯದಕ್ಕಿಂತ ದೊಡ್ಡ ಹೊರೆಯನ್ನು ನಾವೇ ಬೇಕೆಂದು ಹೇರಬೇಕು. ಒತ್ತಡ ತಡೆಯುವ ಪಾತ್ರೆ, ಪೈಪುಗಳಿಗೆ ಮಾಡುವ ಹೈಡ್ರೋ ಟೆಸ್ಟ್ ಅಂಥದ್ದು. ಕಡ್ಡಿರಾಂಪುರದ ಅಡುಗೆಮನೆಯ ಗ್ಯಾಸ್ ಸಿಲಿಂಡರಿಗೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಾಯ್ಲರಿಗೂ ತತ್ವ ಒಂದೇ.

ವಿಧಾನ ಸರಳ, ಆದರೆ ತಾಳ್ಮೆ ಬೇಡುತ್ತದೆ. ಕೆಳಗಿನಿಂದ ನೀರು ತುಂಬುತ್ತಾ ಹೋಗಿ, ಮೇಲಿನ ತೂತಿನಿಂದ ಗುಳ್ಳೆ ನಿಂತು ಬರೀ ನೀರು ಹೊರಬಂದ ಮೇಲೆ ಅದನ್ನು ಮುಚ್ಚುತ್ತಾರೆ. ಬೆಸುಗೆಗಳನ್ನು ಒಣಬಟ್ಟೆಯಿಂದ ಒರೆಸುತ್ತಾರೆ. ಪಂಪಿನಿಂದ ಒತ್ತಡವನ್ನು ಹಂತಹಂತವಾಗಿ ಏರಿಸಿ, ಸಾಮಾನ್ಯವಾಗಿ ಬಳಕೆಯ ಒತ್ತಡದ ಒಂದೂಕಾಲರಿಂದ ಒಂದೂವರೆ ಪಟ್ಟಿನಲ್ಲಿ ನಿಲ್ಲಿಸಿ, ಗೇಜಿನ ಮುಳ್ಳನ್ನು ಗಮನಿಸುತ್ತಾರೆ. ಒಣಗಿದ ಬೆಸುಗೆಯ ಮೇಲೆ ಒಂದು ಹನಿ ಮೂಡಿದರೂ ದೋಷ ಸಿಕ್ಕಿತು. ಬಿಸಿಲಿಗೆ ತೆರೆದ ಉದ್ದನೆಯ ಪೈಪಾದರೆ ಉಷ್ಣಾಂಶವನ್ನೂ ಬರೆದಿಡಬೇಕು. ನೀರು ತುಂಬಿ ಮುಚ್ಚಿದ ಉಕ್ಕಿನ ಪೈಪಿನಲ್ಲಿ ಒಂದು ಡಿಗ್ರಿ ಏರುಪೇರಿಗೇ ಒತ್ತಡ ಕೆಲವು ಬಾರ್‌ಗಳಷ್ಟು ಬದಲಾಗುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಸಂಜೆ ಮುಳ್ಳು ಇಳಿದ ಮಾತ್ರಕ್ಕೆ ಸೋರಿಕೆ ಎನ್ನಲಾಗದು. ಮುಳ್ಳು ಇಳಿಯದ ಮಾತ್ರಕ್ಕೆ ಸೋರಿಕೆಯಿಲ್ಲ ಎನ್ನಲೂ ಆಗದು.

ಒಳಗೆ ತುಂಬುವುದು ಗ್ಯಾಸಾಗಿದ್ದರೂ ಪರೀಕ್ಷೆಗೆ ನೀರೇ ಏಕೆ? ನೀರು ಬಹುಮಟ್ಟಿಗೆ ಕುಗ್ಗುವುದಿಲ್ಲ. ನೂರು ಬಾರ್ ಒತ್ತಿದರೂ ಕುಗ್ಗುವುದು ಶೇಕಡಾ ಅರ್ಧದಷ್ಟು. ಕುಗ್ಗದ ವಸ್ತುವಿನಲ್ಲಿ ಶಕ್ತಿ ಶೇಖರವಾಗದು. ಒಂದು ಘನ ಮೀಟರ್ ತೊಟ್ಟಿಯಲ್ಲಿ ಹತ್ತು ಬಾರ್ ಒತ್ತಡದ ನೀರು ಕೂಡಿಟ್ಟುಕೊಳ್ಳುವುದು ಸುಮಾರು 230 ಜೂಲ್. ಅಷ್ಟೇ ಒತ್ತಡದ ಗಾಳಿಯಲ್ಲಿರುವುದು ಹತ್ತು ಲಕ್ಷ ಜೂಲ್‌ಗೂ ಹೆಚ್ಚು: ಹತ್ತು ಟನ್ ತೂಕದ ಅದಿರು ಲಾರಿಯನ್ನು ಹತ್ತು ಮೀಟರ್ ಮೇಲಕ್ಕೆತ್ತುವಷ್ಟು. ನೀರಿದ್ದಾಗ ತೊಟ್ಟಿ ಬಿರಿದರೆ ಒತ್ತಡ ಕ್ಷಣದಲ್ಲಿ ಬಿದ್ದುಹೋಗುತ್ತದೆ. ಗಾಳಿಯಿದ್ದರೆ ಚೂರುಗಳು ಜೀವ ತೆಗೆಯುತ್ತವೆ. ಮೊದಲು ಗುಳ್ಳೆಗಳನ್ನೆಲ್ಲ ಹೊರಹಾಕುವುದು ಇದಕ್ಕೇ.

ಹೆಚ್ಚು ಒತ್ತಡ ಹೇರಿ ಒಳ್ಳೆಯ ಪಾತ್ರೆಯನ್ನೇ ಕೆಡಿಸಿದಂತಾಗದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಪರೀಕ್ಷೆಯ ಮಿತಿಯನ್ನು ಉಕ್ಕು ಶಾಶ್ವತವಾಗಿ ಹಿಗ್ಗುವ ಮಟ್ಟಕ್ಕಿಂತ ಕೆಳಗೇ ಇಡುತ್ತಾರೆ. ಆ ಮಟ್ಟ ದಾಟಿದರೆ ಹಾನಿ ಖಂಡಿತ. ಎಕ್ಸ್-ರೇ, ಅಲ್ಟ್ರಾಸೌಂಡ್ ಸಾಲದೇ ಎಂದೂ ಕೇಳಬಹುದು. ಅವು ಬೇಕೇ ಬೇಕು. ಆದರೆ ಅವು ತೋರಿಸುವುದು ನಾವು ನೋಡಿದ ಜಾಗವನ್ನು. ನೀರು ಪ್ರತಿ ಬೆಸುಗೆಯನ್ನೂ ಒಟ್ಟಿಗೇ ಒತ್ತಿ ನೋಡುತ್ತದೆ. ಇನ್ನು, ಇಂದು ಪಾಸಾದದ್ದು ನಾಳೆ ತುಕ್ಕು ಹಿಡಿಯದೇ ಎಂಬ ಮಾತು ಪೂರ್ತಿ ನಿಜ. ಮರುಪರೀಕ್ಷೆಗೆ ಗಡುವು ಹಾಕುವುದು ಆ ಕಾರಣಕ್ಕೇ.

ಗಡುವು ನಮ್ಮ ಮನೆಯಲ್ಲೇ ಕಾಣಸಿಗುತ್ತದೆ. 14.2 ಕಿಲೋ ಸಿಲಿಂಡರಿನ ಪರೀಕ್ಷಾ ಒತ್ತಡ ಚದರ ಸೆಂಟಿಮೀಟರಿಗೆ 25 ಕಿಲೋ, ಅಂದರೆ 250 ಮೀಟರ್ ನೀರಿನ ಕಂಬದ ಭಾರ. 49 ಮೀಟರಿನ ತುಂಗಭದ್ರಾ ಅಣೆಕಟ್ಟೆಯ ಎತ್ತರಕ್ಕೆ ಐದು ಪಟ್ಟು. ಮಾಮೂಲು ಬಳಕೆಯಲ್ಲಿ ಒಳಗಿನ ಒತ್ತಡ ಇದರ ಅರ್ಧದೊಳಗಿರುತ್ತದೆ. ಹೊಸ ಸಿಲಿಂಡರಿಗೆ ಹತ್ತು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ. ಮೇಲಿನ ಹಿಡಿಕೆಯನ್ನು ಹೊತ್ತ ಪಟ್ಟಿಯ ಒಳಮೈಯಲ್ಲಿ ‘ಬಿ-28’ ಎಂದು ಬರೆದಿದ್ದರೆ, 2028ರ ಜೂನ್‌ವರೆಗೆ ಎಂದರ್ಥ. ಎ ಅಂದರೆ ಮಾರ್ಚ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಗಡುವು ಮೀರಿದ ಸಿಲಿಂಡರನ್ನು ಮನೆಯೊಳಗೆ ತೆಗೆದುಕೊಳ್ಳಬೇಡಿ. ಬಾಯ್ಲರಿನ ಪಕ್ಕ ದುಡಿಯುವವರಿಗೂ ಗ್ಯಾಸ್ ಪೈಪು ಹಾದ ಹೊಲದ ರೈತರಿಗೂ ಕೇಳಲು ಇದೇ ಪ್ರಶ್ನೆಯಿದೆ: ಕೊನೆಯ ಪರೀಕ್ಷೆ ಎಂದು ಆಯಿತು, ಎಷ್ಟು ಒತ್ತಡದಲ್ಲಿ ಆಯಿತು? ‘ಇದುವರೆಗೆ ಏನೂ ಆಗಿಲ್ಲವಲ್ಲ’ ಎಂಬುದು ಅದಕ್ಕೆ ಉತ್ತರವಲ್ಲ.